ಹೊಸ ಕಾರಿನ ಆಯಿಲ್ ಸೋರಿಕೆ: ಮೂರು ಸಲದ ಓಡಾಟ, ಒಂದು ರಬ್ಬರ್ ಸೀಲು

ಕಳೆದ ನವೆಂಬರಿನಲ್ಲಿ ಕೊಂಡ ಕಾರು 1,840 ಕಿ.ಮೀ. ಓಡಿದ್ದಾಗ, ಜನವರಿಯ ಒಂದು ಬೆಳಿಗ್ಗೆ, ಪೋರ್ಟಿಕೋದ ನೆಲದ ಮೇಲೆ ಎಂಟಾಣೆಯಷ್ಟು ಅಗಲದ ಕಂದು ಕಲೆಯೊಂದು ಕಣ್ಣಿಗೆ ಬಿತ್ತು. ಮಳೆಗಾಲವಾಗಿದ್ದರೆ ನೀರೆಂದು ದಾಟಿಹೋಗುತ್ತಿದ್ದೆನೇನೋ. ನಮ್ಮೂರು ಸಾಗರದ ಜನವರಿಯ ಚಳಿಯಲ್ಲಿ ಎ.ಸಿ. ಹಾಕುವ ಪ್ರಮೇಯವೇ ಇರಲಿಲ್ಲವಾದ್ದರಿಂದ ಅದು ಎ.ಸಿ.ಯ ನೀರಾಗಿರಲು ಸಾಧ್ಯವಿರಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿದರೆ ಜಾರಿತು. ಮೂಸಿದರೆ ಎಂಜಿನ್ ಆಯಿಲಿನ ವಾಸನೆ. ಒಂಬತ್ತೂವರೆ ಲಕ್ಷ ರೂಪಾಯಿ ಕೊಟ್ಟು ಎರಡು ತಿಂಗಳೂ ತುಂಬಿರದ ಬಂಡಿ ಅದು.

ಆ ದಿನದಿಂದ ಹಿಡಿದು ಸೋರಿಕೆ ನಿಂತ ದಿನದವರೆಗೆ, ಅಂದರೆ ಸುಮಾರು ಏಳು ವಾರ, ಶಿವಮೊಗ್ಗದ ಅಧಿಕೃತ ಸರ್ವಿಸ್ ಕೇಂದ್ರವೊಂದರಲ್ಲಿ ನನಗಾದ ಅನುಭವದ ವಿಮರ್ಶೆ ಇದು. ಕಾರಿನ ಕಂಪನಿಯನ್ನಾಗಲಿ ಆ ಕೇಂದ್ರವನ್ನಾಗಲಿ ಹೆಸರಿಸುತ್ತಿಲ್ಲ. ನನ್ನ ಒಂದು ಕಾರನ್ನು ಮುಂದಿಟ್ಟುಕೊಂಡು ಆ ಮಾದರಿಯ ಕಾರುಗಳೆಲ್ಲ ಸೋರುತ್ತವೆ ಎಂದು ಹೇಳುವುದು ನ್ಯಾಯವಲ್ಲ; ಅದೂ ಅಲ್ಲದೆ, ಬೇರೆ ಬೇರೆ ಕಂಪನಿಗಳ ಕಾರುಗಳನ್ನಿಟ್ಟುಕೊಂಡಿರುವ ನನ್ನ ಸಹೋದ್ಯೋಗಿಗಳಿಗೆ ಈ ಕಥೆಯನ್ನು ಹೇಳಿದಾಗ ಅವರೆಲ್ಲರೂ ತಮ್ಮದೇ ಷೋರೂಮಿನ ಕಥೆ ಕೇಳುತ್ತಿರುವಂತೆ ತಲೆಯಾಡಿಸಿದರು.

ಕಲೆ ಕಂಡ ಕೂಡಲೇ ನಾನು ಮಾಡಿದ್ದು ಎರಡು ಕೆಲಸ. ಮೊದಲನೆಯದಾಗಿ, ಮನೆಯಲ್ಲಿದ್ದ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಎರಡು ಮುಂದಿನ ಚಕ್ರಗಳ ನಡುವೆ ಹಾಸಿ, ಚಕ್ರಗಳಿದ್ದ ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಂಡೆ. ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಒಂಬತ್ತು ಹನಿಗಳಿದ್ದವು, ಎಲ್ಲವೂ ನಡುಭಾಗಕ್ಕಿಂತ ತುಸು ಎಡಕ್ಕೆ. ಎರಡನೆಯದಾಗಿ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಆಯಿಲಿನ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿದೆ. ಆಯಿಲು ಮೇಲಿನ ಗೆರೆಯಿಂದ ಕಾಲುಭಾಗ ಕೆಳಗಿತ್ತು. ಬಹುತೇಕ ಸಣ್ಣ ಕಾರುಗಳಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರ ಹೆಚ್ಚುಕಡಿಮೆ ಒಂದು ಲೀಟರು. ಒಟ್ಟು ಹಿಡಿಸುವುದೇ ಮೂರೂವರೆ ಲೀಟರಿನ ಆಸುಪಾಸು. ಕಾಲುಭಾಗವೆಂದರೆ ಕಾಲು ಲೀಟರು. ಗಾಬರಿ ಬೀಳುವಷ್ಟಲ್ಲ, ಆದರೆ ಸುಮ್ಮನಿರುವಷ್ಟೂ ಅಲ್ಲ.

ಮೊದಲ ಸಲ ಹೋದದ್ದು ಒಂದು ಶನಿವಾರ. ಎಪ್ಪತ್ತು ಕಿಲೋಮೀಟರ್ ದೂರ. ಕೇಂದ್ರದ ಮುಂಭಾಗ ನೋಡಲು ಚೆಂದ: ಮೆತ್ತನೆಯ ಸೋಫಾ, ಕಾಫಿ ಯಂತ್ರ, ಒಳಗಿನ ಕೆಲಸ ಕಾಣುವಂತೆ ಹಾಕಿದ ದೊಡ್ಡ ಗಾಜು. ಸರ್ವಿಸ್ ಅಡ್ವೈಸರ್ ಬಹಳ ವಿನಯದಿಂದ ಮಾತನಾಡಿಸಿದರು. ರಟ್ಟಿನ ತುಂಡನ್ನು ತೋರಿಸಿದರೆ ನಕ್ಕು, "ಹೊಸ ಗಾಡಿ ಅಲ್ವಾ ಸರ್, ಫ್ಯಾಕ್ಟರಿಲಿ ಜೋಡಿಸುವಾಗ ಹಚ್ಚಿರೋ ಆಯಿಲು ಸ್ವಲ್ಪ ದಿನ ಹೀಗೆ ಬರುತ್ತೆ. ಆಯಿಲ್ ಲೈಟ್ ಏನೂ ಬಂದಿಲ್ಲ ತಾನೇ?" ಎಂದರು.

ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಅದನ್ನು ಕೇಳಿ ಸಮಾಧಾನ ಪಟ್ಟುಕೊಂಡು ಮನೆಗೆ ಹೋಗುವವರು ಬಹಳ ಮಂದಿ ಇದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದಲ್ಲಿ ಉರಿಯುವ ಕೆಂಪು ದೀಪ ಹೇಳುವುದು ಆಯಿಲಿನ ಒತ್ತಡವನ್ನು, ಪ್ರಮಾಣವನ್ನಲ್ಲ. ಆಯಿಲು ಕೆಳಗಿನ ಗೆರೆಗಿಂತ ಎಷ್ಟೋ ಇಳಿದು, ಪಂಪಿಗೆ ಎಣ್ಣೆಯ ಬದಲು ಗಾಳಿ ಸಿಗತೊಡಗಿದ ಮೇಲೆಯೇ ಅದು ಉರಿಯುವುದು. ಚಾಲನೆಯಲ್ಲಿ ಅದು ಉರಿಯಿತೆಂದರೆ ಇನ್ನೊಂದು ಕಿಲೋಮೀಟರ್ ಓಡಿಸಿ ನೋಡೋಣ ಎನ್ನುವ ಹಾಗಿಲ್ಲ, ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹಾಗಾಗಿ ದೀಪ ಉರಿದಿಲ್ಲವೆಂಬುದು ಆಯಿಲು ಸೋರುತ್ತಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಇದನ್ನು ಅಡ್ವೈಸರರಿಗೆ ಹೇಳಿದೆ. ಅವರು ಅದೇ ವಿನಯದಿಂದ ಒಪ್ಪಿಕೊಂಡು, ಕಾರನ್ನು ಒಳಗೆ ಕಳಿಸಿ, ಒಂದು ಗಂಟೆಯ ನಂತರ ತಳಭಾಗವನ್ನೆಲ್ಲ ನೀರು ಹೊಡೆದು ತೊಳೆಸಿ ವಾಪಸು ಕೊಟ್ಟರು. "ಈಗ ಎಲ್ಲಾ ಕ್ಲೀನ್ ಆಗಿದೆ ಸರ್."

ಸೋರಿಕೆಯನ್ನು ಹುಡುಕುವುದಕ್ಕೆ ಮೊದಲು ತೊಳೆಯುವುದು ತಪ್ಪಲ್ಲ. ತೊಳೆದು, ಒಣಗಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಲಿಫ್ಟಿಗೆ ಏರಿಸಿ ಎಲ್ಲಿ ಹೊಸದಾಗಿ ಒದ್ದೆಯಾಗಿದೆ ಎಂದು ನೋಡುವುದೇ ಸರಿಯಾದ ಕ್ರಮ. ಇಲ್ಲಿ ಆದದ್ದು ಅದರ ಮೊದಲರ್ಧ ಮಾತ್ರ. ಕಲೆಯನ್ನು ಒರೆಸಿದ್ದು ರೋಗಕ್ಕೆ ಮದ್ದು ಕೊಟ್ಟಂತೆ ಎಂದು ಅವರು ನಂಬಿದ್ದರೋ, ನಾನು ನಂಬಲೆಂದು ಬಯಸಿದ್ದರೋ ತಿಳಿಯದು. ಇನ್ನೂ ದೊಡ್ಡ ತಪ್ಪು ನನ್ನದೇ. ದೂರನ್ನೂ ಮಾಡಬೇಕಾದ ಕೆಲಸವನ್ನೂ ಬರೆದುಕೊಳ್ಳುವ ಜಾಬ್ ಕಾರ್ಡನ್ನು ಓದದೆ ಸಹಿ ಹಾಕಿದ್ದೆ. ಮನೆಗೆ ಬಂದು ನೋಡಿದರೆ ಅದರಲ್ಲಿ 'ಜನರಲ್ ಚೆಕಪ್, ವಾಟರ್ ವಾಶ್' ಎಂದಿತ್ತು; ಆಯಿಲ್ ಎಂಬ ಪದವೇ ಇರಲಿಲ್ಲ. ಅಂದರೆ ಕಂಪನಿಯ ದಾಖಲೆಯ ಮಟ್ಟಿಗೆ ನಾನು ಅಂದು ದೂರು ಕೊಡಲು ಹೋಗಿಯೇ ಇರಲಿಲ್ಲ, 140 ಕಿ.ಮೀ. ಓಡಿಸಿಕೊಂಡು ಕಾರು ತೊಳೆಸಿಕೊಳ್ಳಲು ಹೋಗಿದ್ದೆ.

ನಾಲ್ಕನೆಯ ದಿನ ರಟ್ಟಿನ ಮೇಲೆ ಮತ್ತೆ ಹನಿಗಳು.

ಎರಡನೆಯ ಸಲ ಬೇರೊಬ್ಬ ಅಡ್ವೈಸರ್. ಈ ಬಾರಿ ನನ್ನ ಮಾತನ್ನು ನಾನು ಹೇಳಿದಂತೆಯೇ ಜಾಬ್ ಕಾರ್ಡಿನಲ್ಲಿ ಬರೆಸಿದೆ: ಕಾರು ನಿಂತಲ್ಲಿ ಎಡಭಾಗದಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದೆ, ಓಡಿದ್ದು 2,410 ಕಿ.ಮೀ., ಇದು ಎರಡನೆಯ ದೂರು. ಅವರು ಹಳೆಯ ಆಯಿಲು ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ತಾಮ್ರದ ವಾಷರ್ ಬದಲಾಯಿಸಿ, ಆಯಿಲ್ ಫಿಲ್ಟರನ್ನು ಇನ್ನೊಂದಿಷ್ಟು ಬಿಗಿ ಮಾಡಿ, ಆಯಿಲ್ ಟಾಪ್ ಅಪ್ ಮಾಡಿ, ಆ ಟಾಪ್ ಅಪ್‌ಗೆ 412 ರೂಪಾಯಿ ಬಿಲ್ ಕೊಟ್ಟರು. ವಾರಂಟಿಯಲ್ಲಿರುವ ಕಾರಿನಿಂದ ಅವರ ದೋಷಕ್ಕೆ ಸೋರಿಹೋದ ಎಣ್ಣೆಗೆ ನಾನೇಕೆ ದುಡ್ಡು ಕೊಡಬೇಕೆಂದು ಕೇಳಿದರೆ, "ಕನ್ಸ್ಯೂಮಬಲ್ಸ್ ವಾರಂಟಿಲಿ ಬರಲ್ಲ ಸರ್" ಎಂಬ ಉತ್ತರ. ಕತ್ತಲಾಗುತ್ತಿತ್ತು, ಮರುದಿನ ಶಾಲೆಯಿತ್ತು. ಹಣ ಕಟ್ಟಿದೆ, ಆದರೆ ಬಿಲ್ಲಿನ ಅವರ ಪ್ರತಿಯ ಮೇಲೆಯೇ 'ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ' ಎಂದು ಬರೆದು ಸಹಿ ಹಾಕಿ, ಅದರ ಫೋಟೋ ತೆಗೆದುಕೊಂಡೆ. ಕ್ಯಾಷ್ ಕೌಂಟರಿನ ಹುಡುಗಿ ಇಂಥದ್ದನ್ನು ಹಿಂದೆ ಕಂಡಿರಲಿಲ್ಲವೆಂದು ತೋರುತ್ತದೆ. ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು.

ವಾಷರ್ ಬದಲಾಯಿಸಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಹೊಸ ಕಾರಿನಲ್ಲಿ ಆಯಿಲ್ ಜಿನುಗಬಹುದಾದ ಜಾಗಗಳು ಹಲವಿವೆ: ಮೇಲೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಪಕ್ಕದಲ್ಲಿ ಟೈಮಿಂಗ್ ಚೈನಿನ ಮುಚ್ಚಳ, ಆಯಿಲ್ ಪ್ರೆಷರ್ ಸ್ವಿಚ್ಚು, ಕೆಳಗೆ ಆಯಿಲು ನಿಲ್ಲುವ ತೊಟ್ಟಿಯಾದ ಸಂಪಿನ ಅಂಚಿಗೆ ಹಚ್ಚಿದ ಸೀಲೆಂಟ್, ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್ ಶಾಫ್ಟಿನ, ಎರಡು ತುದಿಗಳ ಆಯಿಲ್ ಸೀಲುಗಳು. ಸುಲಭದ್ದನ್ನು ಮೊದಲು ನೋಡುವುದು ಯಾವ ಮೆಕ್ಯಾನಿಕ್ಕನಾದರೂ ಮಾಡುವ ಕೆಲಸವೇ. ಆದರೆ ನೋಡಿ ಬದಲಾಯಿಸುವುದು ಬೇರೆ, ನೋಡದೆ ಬದಲಾಯಿಸುವುದು ಬೇರೆ. ಎಂಜಿನ್ನಿನ ಅಡಿಗೆ ಕಟ್ಟಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಆಯಿಲು ಮೊದಲು ಶೇಖರವಾಗಿ, ಅಲ್ಲಿಂದ ಇಳಿಜಾರು ಇರುವ ಕಡೆಗೆ ಹರಿದು ಯಾವುದೋ ತೂತಿನಿಂದ ನೆಲಕ್ಕೆ ಬೀಳುತ್ತದೆ. ಕಾರು ಓಡುವಾಗ ಗಾಳಿಯೂ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಹನಿ ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಅಷ್ಟೇನೂ ಸಂಬಂಧವಿರುವುದಿಲ್ಲ. ಆ ತಟ್ಟೆಯನ್ನು ಬಿಚ್ಚಿ, ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕಬೇಕು. ಎರಡೂ ಸಲ ನನ್ನ ಕಾರಿನ ತಟ್ಟೆಯನ್ನು ಬಿಚ್ಚಿರಲಿಲ್ಲ. ಅದರ ಸ್ಕ್ರೂಗಳ ತಲೆಯ ಮೇಲೆ ಧೂಳು ಹಾಗೇ ಕೂತಿತ್ತು.

ಇದನ್ನು ನನಗೆ ತೋರಿಸಿದವರು ನಮ್ಮೂರಿನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರು. ನನ್ನ ಹಳೆಯ ಕಾರನ್ನು ಹದಿಮೂರು ವರ್ಷ ನೋಡಿಕೊಂಡವರು. ಹೊಸದನ್ನು ಗುಂಡಿಯ ಮೇಲೆ ನಿಲ್ಲಿಸಿ ಬ್ಯಾಟರಿ ಟಾರ್ಚು ಬಿಟ್ಟು ನೋಡಿದರೇ ಹೊರತು ಒಂದು ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳಲಿಲ್ಲ. "ನಾನೊಂದು ನಟ್ಟು ಸಡಿಲಿಸಿದ್ರೂ ನಾಳೆ ಅವರು ಹೊರಗಿನವರು ಕೈಹಾಕಿದಾರೆ, ವಾರಂಟಿ ಇಲ್ಲ ಅಂತಾರೆ ಮೇಷ್ಟ್ರೇ, ಸುಮ್ನೆ ಯಾಕೆ" ಎಂದರು. ತಟ್ಟೆಯ ಸಂದಿನಿಂದ ಬೆರಳು ತೂರಿಸಿ, ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಗೆರೆಯನ್ನು ಸವರಿ, ಬೆರಳನ್ನು ಮೂಗಿನ ಹತ್ತಿರ ತಂದು, "ಗೇರ್ ಆಯಿಲ್ ಅಲ್ಲ, ಅದಾಗಿದ್ರೆ ಗಂಧಕದ ನಾತ ಹೊಡೀತಿತ್ತು. ಇದು ಎಂಜಿನ್ದೇ. ಹಿಂದಿನ ಸೀಲು. ಗೇರ್ ಬಾಕ್ಸ್ ಇಳಿಸ್ದೆ ಕೆಲ್ಸ ಆಗಲ್ಲ, ಅದಕ್ಕೇ ಅವರು ಆ ಕಡೆ ನೋಡ್ತಿಲ್ಲ" ಎಂದರು. ಚಹಾ ಕುಡಿಸಿದ್ದು ಬಿಟ್ಟರೆ ಇದಕ್ಕೆ ಅವರು ನನ್ನಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಅವರ ಕೊನೆಯ ಮಾತಿನಲ್ಲಿ ಇಡೀ ವ್ಯವಹಾರದ ಗುಟ್ಟಿದೆ. ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಉಂಗುರ, ಬೆಲೆ ಕೆಲವು ನೂರು ರೂಪಾಯಿ. ಅದನ್ನು ತಲುಪಬೇಕಾದರೆ ಡ್ರೈವ್ ಶಾಫ್ಟುಗಳನ್ನು ಕಳಚಿ, ಗೇರ್ ಬಾಕ್ಸನ್ನು ಇಳಿಸಿ, ಕ್ಲಚ್ಚನ್ನು ಬಿಚ್ಚಿ, ಫ್ಲೈವೀಲನ್ನು ತೆಗೆಯಬೇಕು. ಒಬ್ಬ ಒಳ್ಳೆಯ ಕೆಲಸಗಾರನ ಒಂದು ಇಡೀ ದಿನ ಅದಕ್ಕೇ ಹೋಗುತ್ತದೆ. ಸರ್ವಿಸಿಗೆ ಬಂದ ಹತ್ತು ಕಾರುಗಳು ಸಾಲಿನಲ್ಲಿ ನಿಂತಿರುವಾಗ ಅಷ್ಟು ದೊಡ್ಡ ಕೆಲಸಕ್ಕೆ ಯಾವ ಅಡ್ವೈಸರೂ ತಾನಾಗಿ ಮುಂದಾಗುವುದಿಲ್ಲ. ತೊಳೆದು ಕಳಿಸಿದರೆ ಇನ್ನೊಂದು ತಿಂಗಳು ದೂಡಬಹುದು.

ಅಂದೇ ರಾತ್ರಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ-ಮೇಲ್ ಬರೆದೆ, ಷೋರೂಮಿನ ಸರ್ವಿಸ್ ಮ್ಯಾನೇಜರಿಗೂ ಪ್ರತಿ ಹಾಕಿದೆ. ಸಿಟ್ಟಿನ ಮಾತು ಒಂದೂ ಇರಲಿಲ್ಲ. ದಿನಾಂಕ, ಓಡಿದ ಕಿಲೋಮೀಟರು, ಡಿಪ್‌ಸ್ಟಿಕ್ಕಿನ ಮಟ್ಟ, ರಟ್ಟಿನ ಫೋಟೋಗಳು, ಎರಡು ಜಾಬ್ ಕಾರ್ಡುಗಳು, 412 ರೂಪಾಯಿಯ ಬಿಲ್ಲು. ಸೋರಿಕೆಯ ಮೂಲವನ್ನು ಯಾವ ಪರೀಕ್ಷೆಯಿಂದ ಪತ್ತೆಹಚ್ಚುತ್ತೀರಿ ಎಂಬುದನ್ನು ಲಿಖಿತವಾಗಿ ತಿಳಿಸಿ ಎಂಬ ಒಂದೇ ಕೋರಿಕೆ. ಮೂರನೆಯ ದಿನ ಸರ್ವಿಸ್ ಮ್ಯಾನೇಜರೇ ಫೋನ್ ಮಾಡಿದರು. ದನಿ ಬದಲಾಗಿತ್ತು.

ಈ ನಡುವೆ ಬಂಧುಗಳಿಂದ ಸಲಹೆಗಳ ಸುರಿಮಳೆ. ಕಾರನ್ನೇ ಬದಲಾಯಿಸಿ ಕೊಡಿ ಎಂದು ಪಟ್ಟು ಹಿಡಿ ಎಂದವರೇ ಹೆಚ್ಚು. ಸ್ವಲ್ಪ ಓದಿ ನೋಡಿದ ಮೇಲೆ ಆ ಹಾದಿ ಬಿಟ್ಟೆ. ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದೇ ಹೊರತು ಇಡೀ ವಾಹನವನ್ನು ಬದಲಿಸುವುದಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲೇ ಒಂದು ಕಾರಿನ ಪ್ರಕರಣದಲ್ಲಿ ಹೇಳಿದೆ. ಸರಿಪಡಿಸಲು ಬರುವ ಸೀಲಿನ ಸೋರಿಕೆಗೆ ಹೊಸ ಕಾರು ಕೇಳಿದರೆ ನನ್ನ ನ್ಯಾಯವಾದ ಬೇಡಿಕೆಯೂ ಹಗುರವಾಗುತ್ತಿತ್ತು. ಎಂಜಿನ್ ಬದಲಾಯಿಸಿಕೊಡಲಿ ಎಂದವರಿಗೂ ಇದೇ ಉತ್ತರ. ಹಾಗೆ ಬದಲಿಸಿದರೆ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌.ಟಿ.ಒ.ದಲ್ಲಿ ಆರ್‌.ಸಿ.ಗೆ ಸೇರಿಸುವ ಕೆಲಸವೂ ತಲೆಗೆ ಕಟ್ಟುತ್ತದೆ. ಆದರೆ ಮೂರನೆಯ ಸಲವೂ ಕೈಬಿಟ್ಟರೆ ಏನು ಮಾಡಬೇಕೆಂಬುದನ್ನು ಸಿದ್ಧ ಮಾಡಿಕೊಂಡೇ ಹೋದೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ತಕರಾರು ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಐದರಿಂದ ಹತ್ತು ಲಕ್ಷ ರೂಪಾಯಿ ಕೊಟ್ಟು ಕೊಂಡ ವಸ್ತುವಿಗೆ ಶುಲ್ಕ 200 ರೂಪಾಯಿ. ನಾನು ಕಟ್ಟಿದ ಆಯಿಲಿನ ಬಿಲ್ಲಿಗಿಂತ ಕಡಿಮೆ.

ಮೂರನೆಯ ಭೇಟಿಯಲ್ಲಿ ನಡೆದದ್ದನ್ನು ಹೊಗಳದೆ ಇರಲಾರೆ. ಕಾರನ್ನು ಒಬ್ಬ ಸೀನಿಯರ್ ಟೆಕ್ನಿಷಿಯನ್‌ಗೆ ವಹಿಸಿದ್ದರು. ಮೂವತ್ತರ ಆಸುಪಾಸಿನ, ಮಿತಭಾಷಿ. ಅವರು ಮೊದಲು ತಟ್ಟೆ ಬಿಚ್ಚಿದರು. ತಳಭಾಗವನ್ನು ಕ್ಲೀನರ್ ಹೊಡೆದು ಒಣಗಿಸಿ, ಎಂಜಿನ್ ಆಯಿಲಿಗೆ ಸಣ್ಣ ಸೀಸೆಯಿಂದ ಬಣ್ಣದ ದ್ರವವೊಂದನ್ನು ಸುರಿದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಯನೂರಿನವರೆಗೆ ಹೋಗಿ ಬಂದರು. ಆಮೇಲೆ ಲಿಫ್ಟಿಗೆ ಏರಿಸಿ, ಆ ಮೂಲೆಯ ದೀಪ ಆರಿಸಿ, ಹಳದಿ ಕನ್ನಡಕವೊಂದನ್ನು ನನಗೂ ಕೊಟ್ಟು, ನೇರಳಾತೀತ ಟಾರ್ಚನ್ನು ಮೇಲಕ್ಕೆ ಹಿಡಿದರು. ಎಂಜಿನ್ನಿನ ಮೇಲ್ಭಾಗವೆಲ್ಲ ಕಪ್ಪು. ಸಂಪಿನ ಅಂಚು ಕಪ್ಪು. ಡ್ರೇನ್ ಬೋಲ್ಟು ಕಪ್ಪು. ಗೇರ್ ಬಾಕ್ಸ್ ಕೂಡುವ ಗೆರೆಯ ತಳದಲ್ಲಿ ಮಾತ್ರ, ಮಳೆಗಾಲದ ರಾತ್ರಿ ಬೇಲಿಯ ಮೇಲೆ ಕೂತ ಮಿಂಚುಹುಳದಂತೆ, ಹಳದಿ ಹಸಿರು ಬಣ್ಣದ ಹನಿಯೊಂದು ಹೊಳೆಯುತ್ತಿತ್ತು. ಬಣ್ಣ ಸೇರಿಸಿದ್ದು ಎಂಜಿನ್ ಆಯಿಲಿಗೆ ಮಾತ್ರವಾದ್ದರಿಂದ ಅದು ಗೇರ್ ಬಾಕ್ಸಿನದ್ದಿರಬಹುದೇ ಎಂಬ ವಾದಕ್ಕೆ ಇನ್ನು ಆಸ್ಪದವಿರಲಿಲ್ಲ. ಸಾಗರದ ಹಿರಿಯರು ಬೆರಳು ಮೂಸಿ ಹೇಳಿದ್ದನ್ನೇ ಟಾರ್ಚು ಹೇಳಿತು.

ಟೆಕ್ನಿಷಿಯನ್ ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಕೇಳುವ ಮೊದಲೇ ಪಿ.ಸಿ.ವಿ. ವಾಲ್ವನ್ನು ತೆಗೆದು ಪರೀಕ್ಷಿಸಿದರು. ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಆ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಚೆನ್ನಾಗಿರುವ ಸೀಲಿನಿಂದಲೂ ಆಯಿಲು ಹೊರಬರುತ್ತದೆ, ಅದನ್ನು ನೋಡದೆ ಸೀಲು ಬದಲಿಸಿದರೆ ಹೊಸದೂ ಸೋರುತ್ತದೆ ಎಂದು ವಿವರಿಸಿದರು. ಅದು ಸರಿಯಾಗಿತ್ತು. ಸೀಲು ಬರಲು ಮೂರು ದಿನ, ಕೆಲಸಕ್ಕೆ ಎರಡು ದಿನ. ಬದಲಿ ಕಾರು ಕೊಡಲಿಲ್ಲ. ಕೇಳಿದ್ದಕ್ಕೆ ನೀತಿಯಲ್ಲಿಲ್ಲ ಎಂದರು. ಐದು ದಿನ ಬಸ್ಸಿನಲ್ಲಿ ಓಡಾಡಿದೆ.

ಗೇರ್ ಬಾಕ್ಸ್ ಇಳಿಸಿದ ದಿನ ಫೋಟೋ ಕಳಿಸಿ ಎಂದು ಮೊದಲೇ ಹೇಳಿದ್ದೆ, ಕಳಿಸಿದರು. ತೆಗೆದ ಸೀಲಿನ ಒಳಗಿನ ತುಟಿ ಒಂದು ಕಡೆ, ಉಗುರಿನ ಅಗಲದಷ್ಟು, ಒಳಕ್ಕೆ ಮಡಚಿಕೊಂಡಿತ್ತು. ಕಾರ್ಖಾನೆಯಲ್ಲಿ ಶಾಫ್ಟಿನ ಮೇಲೆ ಕೂಡಿಸುವಾಗಲೇ ಹಾಗಾಗಿದ್ದಿರಬೇಕು. ಆ ಉಗುರಗಲದ ಮಡಿಕೆಯೇ ಏಳು ವಾರದ ಓಡಾಟಕ್ಕೆ ಮೂಲ. ಕ್ಲಚ್ ಪ್ಲೇಟಿನ ಅಂಚಿಗೂ ಆಯಿಲು ತಗುಲಿತ್ತು. ಇಲ್ಲಿ ಮತ್ತೊಂದು ಸುತ್ತು ಚರ್ಚೆಯಾಯಿತು. ಕ್ಲಚ್ಚು ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ, ಒರೆಸಿ ಹಾಕುತ್ತೇವೆ ಎಂದರು. ಅದು ಸವೆದು ಹಾಳಾದದ್ದಲ್ಲ, ವಾರಂಟಿಗೆ ಒಳಪಟ್ಟ ಇನ್ನೊಂದು ಭಾಗದ ದೋಷದಿಂದ ಹಾಳಾದದ್ದು, ಆಯಿಲು ಹೀರಿದ ಪ್ಲೇಟು ಏರಿನಲ್ಲಿ ಜಾರತೊಡಗಿದರೆ ಆಗುಂಬೆ ಘಾಟಿಯಲ್ಲಿ ನಾನು ಯಾರನ್ನು ಕರೆಯಲಿ ಎಂದು ಕೇಳಿದೆ. ಕಂಪನಿಯ ಪ್ರಾದೇಶಿಕ ಅಧಿಕಾರಿಯ ಒಪ್ಪಿಗೆ ಮರುದಿನವೇ ಬಂದು ಪ್ಲೇಟನ್ನೂ ಬದಲಿಸಿದರು. ಅಡ್ವೈಸರ್ ಸಿದ್ಧಪಡಿಸಿದ ಕರಡು ಬಿಲ್ಲಿನಲ್ಲಿ ಎಂಜಿನ್ ಆಯಿಲು, ಗೇರ್ ಆಯಿಲು, ಸೀಲೆಂಟ್ ಮತ್ತೆ ಕಾಣಿಸಿಕೊಂಡಿದ್ದವು. ವಾರಂಟಿ ಪುಸ್ತಿಕೆಯನ್ನು ಈ ಸಲ ಜೊತೆಗೇ ಒಯ್ದಿದ್ದೆ. ವಾಡಿಕೆಯ ನಿರ್ವಹಣೆಗೆ ಹಾಕುವ ಎಣ್ಣೆ ವಾರಂಟಿಗೆ ಬರುವುದಿಲ್ಲ, ಆದರೆ ವಾರಂಟಿ ದುರಸ್ತಿಯ ಭಾಗವಾಗಿ ಹಾಕುವ ಎಣ್ಣೆ ಬರುತ್ತದೆ ಎಂಬ ಸಾಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟಿದ್ದನ್ನು ತೋರಿಸಿದ ಮೇಲೆ ಬಿಲ್ಲು ಸೊನ್ನೆಗೆ ಇಳಿಯಿತು.

ಆಮೇಲೆ ಕಾರು 4,200 ಕಿ.ಮೀ. ಓಡಿದೆ. ಕೆಲಸ ಮುಗಿದ ಮೊದಲ ವಾರ ದಿನವೂ, ಈಗ ಹದಿನೈದು ದಿನಕ್ಕೊಮ್ಮೆ, ಡಿಪ್‌ಸ್ಟಿಕ್ ನೋಡುತ್ತೇನೆ. ಮಟ್ಟ ಮೇಲಿನ ಗೆರೆಯಿಂದ ಕದಲಿಲ್ಲ, ಕ್ಲಚ್ಚು ಮೊದಲಿಗಿಂತ ಹಗುರಾಗಿದೆ, ಗೇರ್ ಹಾಕುವಾಗ ಹೊಸ ಸದ್ದೇನೂ ಇಲ್ಲ. ಒಮ್ಮೆ ಗೇರ್ ಬಾಕ್ಸ್ ಇಳಿಸಿದ ಕಾರು ಮೊದಲಿನಂತಾಗುವುದಿಲ್ಲ ಎಂಬ ಮಾತನ್ನು ನಾನೂ ಕೇಳಿ ಹೆದರಿದ್ದೆ. ಸರಿಯಾದ ಕೈಗೆ ಸಿಕ್ಕರೆ ಆ ಹೆದರಿಕೆಗೆ ಆಧಾರವಿಲ್ಲ. ಪೋರ್ಟಿಕೋದ ಕಲೆ ಮಾತ್ರ ಸೀಮೆಎಣ್ಣೆಗೂ ಜಗ್ಗಿಲ್ಲ, ಸೋಡಾ ಪುಡಿಗೂ ಜಗ್ಗಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮೂರೂ ಆ ಟೆಕ್ನಿಷಿಯನ್ ಮತ್ತು ಅವರ ಟಾರ್ಚಿಗೆ. ಸೋಫಾಕ್ಕೂ ಕಾಫಿ ಯಂತ್ರಕ್ಕೂ ಕೊಡಲು ನನ್ನಲ್ಲಿ ಏನೂ ಉಳಿದಿಲ್ಲ. ಅದೇ ಟಾರ್ಚು, ಅದೇ ಬಣ್ಣದ ಸೀಸೆ, ಅದೇ ವ್ಯಕ್ತಿ ಮೊದಲ ಶನಿವಾರವೂ ಅದೇ ಕಟ್ಟಡದಲ್ಲಿ, ಗಾಜಿನ ಆಚೆ ಬದಿಯಲ್ಲೇ ಇದ್ದರು ಎಂಬುದನ್ನು ನೆನೆದರೆ ಮೂರೂ ಹೆಚ್ಚಾಯಿತೇ ಎನಿಸುತ್ತದೆ. ಅಲ್ಲಿಗೆ ಇಂಥದೇ ದೂರು ಹೊತ್ತು ಹೋಗುವವರು ಮೊದಲ ದಿನವೇ ಬಣ್ಣ ಹಾಕಿ ಪರೀಕ್ಷಿಸಿ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಬರೆದದ್ದನ್ನು ಓದಿ ಸಹಿ ಹಾಕಿ.

412 ರೂಪಾಯಿಯ ವಾಪಸಾತಿಗೆ ಎರಡು ಇ-ಮೇಲ್ ಕಳಿಸಿದ್ದೇನೆ. ಎರಡಕ್ಕೂ ಒಂದೇ ಉತ್ತರ: ಪರಿಶೀಲನೆಯಲ್ಲಿದೆ.